ಶಿವರಾತ್ರಿ ಕಳೀತು: ಊರಿಂದ ಬಂದಿರೋ ಮಾವನ ಜೊತೆ ತಾರಸಿ ತೋಟ ಶುರು ಮಾಡೋದು ಹೇಗೆ?

ಎರಡನೇ ಮಹಡಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಅತ್ತೆಗೆ ಮಂಡಿ ಆಪರೇಷನ್ ಆಗಿದೆ. ಹಾಗಾಗಿ ಅತ್ತೆ, ಮಾವ ಇಬ್ಬರೂ ಅರಸೀಕೆರೆ ಕಡೆಯ ಹಳ್ಳಿಯಿಂದ ಬಂದು ನಮ್ಮ ಜೊತೆಗಿದ್ದಾರೆ. ಅತ್ತೆಗೆ ಫಿಸಿಯೋ, ಫೋನು, ಎದುರು ಮನೆಯವರ ಮಾತು, ಹೇಗೋ ದಿನ ಹೋಗುತ್ತೆ. ಮಾವನದೇ ಕಷ್ಟ. ತೆಂಗು, ರಾಗಿ, ಹಸು ಅಂತ ಜೀವಮಾನ ಕಳೆದವರು. ಇಲ್ಲಿ ಐದಕ್ಕೆ ಎದ್ದು ಕಾಫಿ ಕುಡಿದು, ಪೇಪರಲ್ಲಿ ಟೆಂಡರ್ ಜಾಹೀರಾತನ್ನೂ ಬಿಡದೆ ಓದಿ ಮುಗಿಸಿ, ಎಂಟು ಗಂಟೆಗೆ ಅಡುಗೆಮನೆ ಬಾಗಿಲಲ್ಲಿ "ಇನ್ನೇನಮ್ಮ?" ಅಂತ ನಿಂತ್ಕೋತಾರೆ. ನನ್ನ ಹತ್ರ ಉತ್ತರ ಇರಲ್ಲ.

ನಮ್ಮದು ಬಾಡಿಗೆ ಮನೆ, ಮೇಲೆ ತಾರಸಿ ಖಾಲಿ ಬಿದ್ದಿದೆ. ಓನರ್ ಆಂಟಿ "ಸೋರದಿದ್ರೆ ಏನಾದ್ರೂ ಮಾಡ್ಕೊಳ್ಳಿ" ಅಂದಿದ್ದಾರೆ. ನಮ್ಮ ಮನೆಯವರು ಭಾರ, ಸೋರಿಕೆ, ಸೊಳ್ಳೆ ಅಂತ ಮೂರು ತಕರಾರು ತೆಗೆದು ಮತ್ತೆ ಲ್ಯಾಪ್‌ಟಾಪ್ ಹಿಂದೆ ಮಾಯ. ಮೂರನೇ ಕ್ಲಾಸಿನ ಮಗಳಿಗೆ ಸ್ಟ್ರಾಬೆರಿ ಬೇಕಂತೆ.

ಚಳಿ ಹೋಗಿದೆ, ಯುಗಾದಿ ಹತ್ರ ಬಂತು. ಈಗ ಏನು ಹಾಕಬಹುದು? ಬೋರ್ ನೀರು ಆಗಲೇ ಸಣ್ಣಗೆ ಬರ್ತಿದೆ, ಬೇಸಿಗೇಲಿ ಹೇಗೆ ನಿಭಾಯಿಸ್ತೀರಿ? ಹೊಲ ಉತ್ತವರಿಗೆ ಕುಂಡದ ಕೆಲಸ ಹಿಡಿಸುತ್ತಾ, ಇಲ್ಲ ಅವಮಾನ ಅನ್ಸುತ್ತಾ?

ತಾರಸಿ ತಗಾದೆ (ಬೆಂಗಳೂರು)

ಸರಿಯಾದ ಹೊತ್ತಿಗೇ ಕೇಳಿದ್ದೀರಿ. ಶಿವರಾತ್ರಿಗೂ ಯುಗಾದಿಗೂ ನಡುವೆ ಬೀಜ ಬಿದ್ದರೆ ಏಪ್ರಿಲ್ ಬಿಸಿಲು ಕೆರಳೋ ಹೊತ್ತಿಗೆ ಬೇರು ಇಳಿದಿರುತ್ತೆ. ಮೇ ತಿಂಗಳಲ್ಲಿ ಎಳೇ ಸಸಿ ಹಿಡ್ಕೊಂಡು ಒದ್ದಾಡೋ ಪಾಡು ಬೇಡ.

ಈಗ ಹಾಕೋವು: ಬೆಂಡೆ, ಹೀರೆ, ಸೌತೆ, ಅಲಸಂದೆ, ಗೋರಿಕಾಯಿ, ಬದನೆ, ಹರಿವೆ, ದಂಟು, ಬಸಳೆ. ಹೂಕೋಸು, ಕ್ಯಾರೆಟ್, ಬಟಾಣಿ ಕಡೆ ಕಣ್ಣೂ ಹಾಯಿಸಬೇಡಿ, ಅವೆಲ್ಲ ದಸರಾ ಆದಮೇಲೆ. ಸ್ಟ್ರಾಬೆರಿನೂ ಅಷ್ಟೇ, ಮಗಳಿಗೆ ನವೆಂಬರ್ ತನಕ ವಾಯಿದೆ ಹೇಳಿ. ಕೊತ್ತಂಬರಿ ಈಗ ಬೇಗ ಹೂವಿಗೆ ಹೋಗಿಬಿಡುತ್ತೆ. ಮೆಂತ್ಯ ಪರವಾಗಿಲ್ಲ, ಸ್ವಲ್ಪ ನೆರಳು ಕೊಟ್ಟರೆ ಬರುತ್ತೆ.

ಹರಿವೆ ಮೊದಲು ಹಾಕಿ. ಇಪ್ಪತ್ತೈದು ಮೂವತ್ತು ದಿನಕ್ಕೆ ಕೈಗೆ ಬರುತ್ತೆ, ಮನೆಯವರ ಬಾಯಿ ಮುಚ್ಚಿಸೋಕೆ ಅಷ್ಟು ಸಾಕು. ಬೆಂಡೆಗೆ ಒಂದೂವರೆ ತಿಂಗಳು ಬೇಕು, ಹೀರೆಗೆ ಎರಡು. ಬೆಂಡೆ ಬೀಜ ರಾತ್ರಿ ನೆನೆಹಾಕಿ ಬೆಳಿಗ್ಗೆ ಊರಿ.

ಬೀಜ ಆನ್‌ಲೈನಲ್ಲಿ ತರಿಸಬೇಡಿ ಅಂತಲ್ಲ, ಪೊಟ್ಟಣದ ಮೇಲೆ ಪರೀಕ್ಷೆ ಮಾಡಿದ ದಿನಾಂಕ ಇಲ್ಲದಿದ್ದರೆ ಮುಟ್ಟಬೇಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ 'ಅರ್ಕಾ' ತಳಿಗಳು ನಮ್ಮ ಹವೆಗೆ ಅಂತಲೇ ಮಾಡಿದವು. ಟೊಮೆಟೊ ಹಾಕೋದಾದ್ರೆ ಅರ್ಕಾ ರಕ್ಷಕ್ ನೋಡಿ, ಎಲೆಸುರುಳಿ ನಂಜು, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆಯುತ್ತೆ. ಹೈಬ್ರಿಡ್ ಆದ್ದರಿಂದ ಅದರ ಬೀಜ ಎತ್ತಿಟ್ಟರೆ ಮುಂದಿನ ಸಲ ಅದೇ ಗುಣ ಬರಲ್ಲ, ಇದನ್ನ ಮಾವನಿಗೆ ಮೊದಲೇ ಹೇಳಿಬಿಡಿ. ಹಳಬರು ಬೀಜ ಎತ್ತಿಡದೆ ಬಿಡಲ್ಲ.

ಸಿವಿಲ್ ಕೆಲಸದವನು (ತುಮಕೂರು)

ಭಾರದ ಬಗ್ಗೆ ನಿಮ್ಮ ಯಜಮಾನರು ಹೇಳಿದ್ದು ಸುಳ್ಳಲ್ಲ. ಹಾಗಂತ ಹೆದರೋದೂ ಬೇಡ. ಜನ ಓಡಾಡೋ ತಾರಸಿಗೆ ಕಟ್ಟಡ ಎಷ್ಟು ಹೊರೆ ತಡೀಬೇಕು ಅಂತ ಹೇಳೋ ನಮ್ಮ ಐಎಸ್ 875 ಮಾನದಂಡದ ಲೆಕ್ಕದಲ್ಲಿ ಚದರ ಮೀಟರಿಗೆ ಸುಮಾರು 150 ಕೆಜಿ ಹೊರೆ ಹಿಡಿದು ವಿನ್ಯಾಸ ಮಾಡ್ತಾರೆ. ಹನ್ನೆರಡು ಇಂಚು ಅಗಲ, ಹನ್ನೆರಡು ಇಂಚು ಎತ್ತರದ ಗ್ರೋಬ್ಯಾಗಿಗೆ (ಗಿಡ ಬೆಳೆಸೋ ಚೀಲ) ಹತ್ತಿರ ಹತ್ತಿರ 20 ಲೀಟರ್ ಹಿಡಿಯುತ್ತೆ. ಬರೀ ಕೆಂಪು ಮಣ್ಣು ತುಂಬಿ ನೀರು ಹಾಕಿದ್ರೆ ಒಂದೊಂದೂ 30 ಕೆಜಿ ದಾಟುತ್ತೆ. ಚದರ ಮೀಟರಿಗೆ ಒಂಬತ್ತು ಚೀಲ ಒತ್ತೊತ್ತಾಗಿ ಇಟ್ರೆ ಎಷ್ಟಾಯ್ತು ನೀವೇ ನೋಡಿ. ಅದೇ ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಗೊಬ್ಬರ ಮೂರನ್ನೂ ಸಮ ಬೆರೆಸಿದ್ರೆ 20 ಕೆಜಿ ಆಸುಪಾಸಿಗೆ ಇಳಿಯುತ್ತೆ.

ನಡು ತಾರಸೀಲಿ ಗುಂಪು ಹಾಕಬೇಡಿ. ಕೆಳಗೆ ಗೋಡೆ, ಬೀಮ್ ಇರೋ ಅಂಚಿನುದ್ದಕ್ಕೂ ಒಂದೇ ಸಾಲು ಇಡಿ. ಚೀಲದ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ನೀರು ಕಟ್ಟದೆ ಕೊಳವೆ ಕಡೆ ಹರೀಬೇಕು. ಸೋರೋದು ನೀರು ಹಾಕಿದ್ದಕ್ಕಲ್ಲ, ನೀರು ನಿಂತದ್ದಕ್ಕೆ. ಕುಂಡದ ಕೆಳಗೆ ತಟ್ಟೆ ಇಡೋ ಶೋಕಿ ಬೇಡ. ಡೆಂಗಿ ಸೊಳ್ಳೆ ಹುಟ್ಟೋದೇ ಅಂಥ ತಟ್ಟೆ ನೀರಲ್ಲಿ. ಮೂರು ತಕರಾರಿಗೂ ಉತ್ತರ ಆಯ್ತಲ್ಲ.

ಹಳೇ ಕಟ್ಟಡ, ಸೀಲಿಂಗಲ್ಲಿ ಬಿರುಕು ಇದ್ರೆ ಮಾತ್ರ ಯಾರಿಗಾದ್ರೂ ತೋರಿಸಿ ಆಮೇಲೆ ಇಡಿ.

ಮೈಸೂರಜ್ಜಿ

ನನಗೆ ಎಪ್ಪತ್ತು ದಾಟಿದೆ, ಹಾಗಾಗಿ ನಾನು ನಿಮ್ಮ ಮಾವನ ಪಾರ್ಟಿ. ಬೀಜ ಗೊಬ್ಬರದ ವಿಷಯ ಉಳಿದವರು ಹೇಳ್ತಾರೆ, ನಾನು ಬೇರೆ ಹೇಳ್ತೀನಿ ಕೇಳು.

"ನಿಮಗೆ ಟೈಂಪಾಸ್ ಆಗ್ಲಿ ಅಂತ" ಅನ್ನೋ ಮಾತು ಅವರ ಮುಂದೆ ಅಪ್ಪಿತಪ್ಪಿಯೂ ಆಡಬೇಡ ಕಣಮ್ಮ. ನಮ್ಮ ಮನೇಲಿ ಮಗ ಹಾಗೇ ಹೇಳಿ ನಾಲ್ಕು ಕುಂಡ ತಂದಿಟ್ಟ, ನಮ್ಮೆಜಮಾನರು ಅವನ್ನ ತಿರುಗಿಯೂ ನೋಡಲಿಲ್ಲ. ದೊಡ್ಡವರ ಕೈಗೆ ಆಟದ ಸಾಮಾನು ಕೊಟ್ಟ ಹಾಗೆ ಅದು. ಅದರ ಬದಲು "ಮಾವ, ವಾರಕ್ಕೆ ಮೂರು ದಿನ ಸೊಪ್ಪು ಬೇಕು, ಅಂಗಡೀಲಿ ಬಾಡಿರೋದೇ ಸಿಗುತ್ತೆ, ಏನು ಮಾಡೋಣ" ಅಂತ ಕೇಳು. ತಾರಸಿ ಬೀಗದ ಕೈ ಅವರ ಹತ್ರ ಇರಲಿ. ಗೊಬ್ಬರ ತರೋ ದುಡ್ಡೂ ಅವರ ಕೈಗೇ ಕೊಡು, ಲೆಕ್ಕ ಕೇಳಬೇಡ. ಅವರು ಒಂದು ಕಡೆ ಹಾಕಿದ್ದನ್ನ ನೀನು ಯೂಟ್ಯೂಬ್ ನೋಡಿ ಇನ್ನೊಂದು ಕಡೆ ಸರಿಸಬೇಡ. ಮೊಮ್ಮಗಳ ಮುಂದೆ "ಹಾಗಲ್ಲ ಮಾವ" ಅನ್ನೋದಂತೂ ಬೇಡವೇ ಬೇಡ.

ಇನ್ನೊಂದು, ಬಕೆಟ್‌ನಲ್ಲಿ ನೀರು ಹೊತ್ತು ಮೆಟ್ಟಿಲು ಹತ್ತಿಸಬೇಡ. ಮೊದಲ ಖರ್ಚು ಪೈಪಿಗೆ. ನೆಲ ಪಾಚಿ ಕಟ್ಟದ ಹಾಗೆ ನೋಡ್ಕೋ, ಒಂದು ಪ್ಲಾಸ್ಟಿಕ್ ಕುರ್ಚಿ ಮೇಲೆ ಇಡು. ಬಗ್ಗಿ ಕಳೆ ಕೀಳೋದಕ್ಕಿಂತ ಕೂತು ಕೀಳೋದು ನಮಗೆ ಸಲೀಸು.

ಧಾರವಾಡದಾಕಿ

ಅಜ್ಜಿಯವರು ಹೇಳಿದ್ದು ಖರೇ ಅದ. ನಮ್ಮ ಮಾವನೋರು ನವಲಗುಂದ ಕಡೆಯವರು, ಎರಿ ಹೊಲದಾಗ ಬದುಕಿದವರು. ಹುಬ್ಬಳ್ಳಿ ಮನಿಗೆ ಬಂದಾಗ ಕೋಕೋಪೀಟ್ ಇಟ್ಟಿಗಿ ನೋಡಿ ಅಂಗೈಯಾಗ ತಿಕ್ಕಿ, ಮೂಸಿ, "ಇದು ಮಣ್ಣೋ, ಹಾಸಿಗಿ ತುಂಬೂ ನಾರೋ?" ಅಂತ ಕೇಳಿದ್ರು. ಒಂದು ವಾರ ನಕ್ಕರು. ಆಮ್ಯಾಲೆ ತಾವೇ ಊರಿಂದ ಒಂದು ಚೀಲ ಹಟ್ಟಿಗೊಬ್ಬರ ತರಿಸಿ ಕಲಸಿದ್ರು.

ಬ್ಯಾಸಗಿಗೆ ಪುಂಡಿಪಲ್ಲೆ (ಗೋಂಗೂರ) ಹಚ್ಚ್ರಿ. ಬಿಸಿಲಿಗೆ ಹೆದರಂಗಿಲ್ಲ, ನೀರು ಒಂದಿನ ತಪ್ಪಿದ್ರೂ ನಡೀತದ. ರಾಜಗಿರಿನೂ ಹಾಂಗ. ಹಕ್ಕರಕಿ ಸೊಪ್ಪು ಈಗ ಬ್ಯಾಡ, ಅದು ಥಂಡಿ ದಿನದ್ದು. ಕೋಕೋಪೀಟ್ ತಂದ್ರ ಒಂದೆರಡು ಸಲ ಚಲೋತಂಗ ತೊಳೀರಿ, ಉಪ್ಪು ಇರ್ತದ. 5 ಕೆಜಿ ಇಟ್ಟಿಗಿ ನೀರಾಗ ಹಾಕಿದ್ರ 60-70 ಲೀಟರ್ ಆಗ್ತದ, ದೊಡ್ಡ ಟಬ್ಬಿನಾಗ ಹಾಕ್ರಿ, ಇಲ್ಲಾಂದ್ರ ಬಚ್ಚಲಮನಿ ತುಂಬ ಅದೇ.

ಕುಡ್ಲದ ಬಸಳೆ (ಬೆಂಗಳೂರಲ್ಲಿ ವಾಸ)

ನನ್ನ ಹೆಸರೇ ಹೇಳ್ತದೆ, ನಾನು ಎಂತ ಹೇಳ್ಲಿಕ್ಕೆ ಬಂದದ್ದು ಅಂತ. ಬಸಳೆಗೆ ಬೀಜ ಬೇಡ ಮಾರಾಯ್ರೆ. ಒಂದು ಗೇಣು ಉದ್ದದ ಬಲಿತ ದಂಟು, ಎರಡು ಗಂಟು ಮಣ್ಣೊಳಗೆ ಹೋಗುವ ಹಾಗೆ ಓರೆಯಾಗಿ ಊರಿದ್ರೆ ಆಯ್ತು. ಊರಲ್ಲಿ ಬಚ್ಚಲ ನೀರು ಹೋಗುವಲ್ಲಿ ಚಪ್ಪರ ಹಾಕ್ತಾರೆ, ಇಲ್ಲಿ ತಾರಸಿಯ ಬಟ್ಟೆ ಒಣಗಿಸುವ ಕಂಬಿಗೇ ಹಬ್ಬಿಸಿದ್ದೇನೆ. ಕೊಯ್ದಷ್ಟೂ ಚಿಗುರ್ತದೆ. ಎಲೆಯಲ್ಲಿ ಕೆಂಪು ಚುಕ್ಕೆ ಬಂದ್ರೆ ಆ ಎಲೆ ಕಿತ್ತು ಬಿಸಾಡಿ, ಎಲೆ ಮೇಲೆ ನೀರು ಹಾಕುವುದು ನಿಲ್ಲಿಸಿ, ಬುಡಕ್ಕೆ ಮಾತ್ರ ಹಾಕಿ.

ಮಗಳಿಗೆ ಒಂದು ಮಾತು: ಬಸಳೆ ಹಣ್ಣು ಹಿಂಡಿದ್ರೆ ನೇರಳೆ ಶಾಯಿ ಬರ್ತದೆ. ಸ್ಟ್ರಾಬೆರಿ ಮರೀತಾಳೆ. ಯೂನಿಫಾರ್ಮ್ ಮಾತ್ರ ಜಾಗ್ರತೆ.

ಎರಡನೇ ಮಹಡಿ

ಅಜ್ಜಿ, ನಿಮ್ಮ ಮಾತು ಮನಸ್ಸಿಗೆ ನಾಟಿತು. ಇವತ್ತು ಸೊಪ್ಪಿನ ವಿಷಯ ಹಾಗೇ ಕೇಳಿದೆ. "ಅಂಗಡಿ ಸೊಪ್ಪಿಗೆ ಯಾವ ನೀರು ಹಾಕಿರ್ತಾರೋ" ಅಂದವರು ಮಧ್ಯಾಹ್ನ ನಿದ್ದೇನೂ ಮಾಡದೆ ತಾರಸಿ ಅಳೆದು ಬಂದಿದ್ದಾರೆ, ಹೆಜ್ಜೆ ಲೆಕ್ಕದಲ್ಲಿ. ಬಿಸಿಲು ಎಲ್ಲಿ ಎಷ್ಟು ಹೊತ್ತು ಅನ್ನೋದನ್ನ ಮಗಳ ರಫ್ ನೋಟಲ್ಲಿ ಬರೆಸಿದ್ದಾರೆ. ನೀರಿನ ಟ್ಯಾಂಕಿನ ಪೂರ್ವಕ್ಕೆ ಸೊಪ್ಪು, ದಕ್ಷಿಣದ ಅಂಚಿಗೆ ಬೆಂಡೆ ಅಂತೆ. ಒಂದು ಚೀಲದಲ್ಲಿ ರಾಗಿ ಹಾಕೇ ಹಾಕ್ತಾರಂತೆ. ಒಂದು ಚೀಲಕ್ಕೆ ಎಷ್ಟು ರಾಗಿ ಬರಬಹುದು ಅಂತ ನಮ್ಮ ಮನೆಯವರು ಲ್ಯಾಪ್‌ಟಾಪಿಂದಲೇ ಕಿಚಾಯಿಸಿದರು. "ನಿನ್ ಸಂಬಳದಷ್ಟು ಬರಲ್ಲ ಬಿಡು" ಅಂದ್ರು ಮಾವ. ಬಹಳ ದಿನದ ಮೇಲೆ ಮನೆಯವರೆಲ್ಲ ಒಟ್ಟಿಗೆ ನಕ್ಕದ್ದು.

ಆದ್ರೆ ಈಗ ಹೊಸ ತಲೆನೋವು. ಗೊಬ್ಬರದಂಗಡಿಯಿಂದ ಯೂರಿಯಾ, ಡಿಎಪಿ ತರೋಣ ಅಂತಿದ್ದಾರೆ. ನನಗೆ ಬೇಡ. ಹೇಗೆ ಹೇಳೋದು?

ತಾರಸಿ ತಗಾದೆ

ಬೇಡವೇ ಬೇಡ. ಮನೆಮಂದಿ ತಿನ್ನೋ ಸೊಪ್ಪಿಗೆ ಯೂರಿಯಾ ಸುರಿಯೋದಾದ್ರೆ ಮಾರ್ಕೆಟ್ಟೇ ಸಾಕಲ್ಲ.

ಧಾರವಾಡದಾಕಿ

ತಗಾದೆ ಅಣ್ಣಾರ, ಅಷ್ಟು ಬಿರುಸು ಬ್ಯಾಡ್ರಿ. ಯೂರಿಯಾ ಹಾಕಿದವ್ರೆಲ್ಲ ವಿಷ ಉಣಿಸಿದವ್ರು ಅಂದ್ರ ನಮ್ಮ ಮಾವನೋರಿಗೆ ಏನ ಅನಸಬೇಕು? ಅದನ್ನ ಹಾಕೇ ಮೂರು ಮಕ್ಕಳನ್ನ ಓದಿಸ್ಯಾರ.

ಸಿವಿಲ್ ಕೆಲಸದವನು

ಜಗಳ ಬೇಡ, ಲೆಕ್ಕ ನೋಡಿ. ಎಕರೆಗೆ ಒಂದು ಮೂಟೆ ಯೂರಿಯಾ ಅಂದ್ರೆ 45 ಕೆಜಿ. ಎಕರೆ ಅಂದ್ರೆ ಹತ್ತಿರ ಹತ್ತಿರ 4,047 ಚದರ ಮೀಟರ್. ಚದರ ಮೀಟರಿಗೆ ಬಂದದ್ದು 11 ಗ್ರಾಂ. ಹನ್ನೆರಡು ಇಂಚಿನ ಚೀಲದ ಬಾಯಿ ಒಂದು ಚದರ ಮೀಟರಿನ ಹದಿನಾಲ್ಕನೇ ಒಂದು ಭಾಗ. ಅಂದ್ರೆ ಚೀಲಕ್ಕೆ ಒಂದು ಗ್ರಾಂ ಕೂಡ ಇಲ್ಲ! ಹೊಲದ ಕೈಯಲ್ಲಿ ಒಂದು ಚಿಟಿಕೆ ಅಂದುಕೊಂಡು ಹಾಕಿದ್ರೂ ಅದರ ಐದಾರು ಪಟ್ಟು ಬೀಳುತ್ತೆ, ಬೇರು ಸುಟ್ಟೇ ಹೋಗುತ್ತೆ. ಹೊಲದಲ್ಲಿ ಹೆಚ್ಚಾದದ್ದು ಮಣ್ಣಲ್ಲಿ ಹರಡಿ ಹೋಗುತ್ತೆ, ಚೀಲದಲ್ಲಿ ಹೋಗೋಕೆ ಜಾಗ ಇಲ್ಲ. ನಿಮ್ಮ ಮಾವನಿಗೆ ಸಾವಯವ ಭಾಷಣ ಬೇಡ, ಈ ಲೆಕ್ಕ ಹೇಳಿ. ರೈತರಿಗೆ ಎಕರೆ ಲೆಕ್ಕ ಯಾರೂ ಕಲಿಸಬೇಕಾಗಿಲ್ಲ, ತಕ್ಷಣ ಹಿಡೀತಾರೆ.

ತಾರಸಿ ತಗಾದೆ

ಒಪ್ಪಿದೆ. ಬಿರುಸಾಯ್ತು ಅನ್ನೋದೂ ಒಪ್ಪಿದೆ.

ಅವರಿಗೆ ಗೊಬ್ಬರ ಕಲಸೋ ಕೆಲಸವೇ ಬೇಕಿದ್ರೆ ಜೀವಾಮೃತ ಇದೆಯಲ್ಲ. ಊರ ಕಡೆ 200 ಲೀಟರಿಗೆ 10 ಕೆಜಿ ಸಗಣಿ, 10 ಲೀಟರ್ ಗಂಜಲ, ಎರಡೆರಡು ಕೆಜಿ ಬೆಲ್ಲ ಮತ್ತು ದ್ವಿದಳ ಹಿಟ್ಟು ಹಾಕ್ತಾರೆ. ತಾರಸಿಗೆ 10 ಲೀಟರ್ ಬಕೆಟ್ ಸಾಕು: ಅರ್ಧ ಕೆಜಿ ಸಗಣಿ, ಅರ್ಧ ಲೀಟರ್ ಗಂಜಲ, ನೂರು ಗ್ರಾಂ ಬೆಲ್ಲ, ನೂರು ಗ್ರಾಂ ಕಡಲೆ ಇಲ್ಲವೇ ಹುರುಳಿ ಹಿಟ್ಟು, ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ತಿರುವಿ, ಮೂರನೇ ದಿನ ಹತ್ತು ಪಟ್ಟು ನೀರು ಬೆರೆಸಿ ಹಾಕಿ. ವಾಸನೆ ಬರುತ್ತೆ, ಓನರ್ ಆಂಟಿ ಒಗೆದ ಬಟ್ಟೆ ಹಾಕೋ ದಿನ ನೋಡ್ಕೊಳ್ಳಿ. ಸಗಣಿ ಎಲ್ಲಿ ಸಿಗುತ್ತೆ ಅಂತ ನೀವು ಹುಡುಕಬೇಡಿ, ಮಾವನಿಗೆ ಬಿಡಿ. ಬೆಂಗಳೂರಲ್ಲಿ ಹಸು ಎಲ್ಲಿದೆ ಅಂತ ಹಳ್ಳಿಯವರಿಗೆ ಒಂದೇ ವಾಕಿಂಗಲ್ಲಿ ಗೊತ್ತಾಗುತ್ತೆ.

ಗಿಡದಲ್ಲಿ ಹಿಟ್ಟುತಿಗಣೆ, ಸಸ್ಯಹೇನು ಕಂಡ್ರೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಎರಡು ಹನಿ ಪಾತ್ರೆ ತೊಳೆಯೋ ಸೋಪು. ಸಂಜೆ ಹೊಡೀರಿ, ಬಿಸಿಲಲ್ಲಿ ಹೊಡೆದ್ರೆ ಎಲೆ ಸುಡುತ್ತೆ.

ಇನ್ನು ನೀರು. 2024ರ ಮಾರ್ಚಲ್ಲಿ ಜಲಮಂಡಳಿ ಕುಡಿಯೋ ನೀರನ್ನ ಕೈತೋಟಕ್ಕೆ, ಕಾರು ತೊಳೆಯೋಕೆ ಬಳಸೋ ಹಾಗಿಲ್ಲ ಅಂತ 5,000 ರೂಪಾಯಿ ದಂಡ ಹಾಕಿತ್ತು. 2025ರ ಫೆಬ್ರುವರಿಯಲ್ಲೂ ಅದೇ ಆದೇಶ ಬಂತು. ಹಾಗಾಗಿ ಕಾವೇರಿ ನೀರನ್ನ ಲೆಕ್ಕಕ್ಕೇ ಹಿಡೀಬೇಡಿ. ಏಪ್ರಿಲ್‌ನಲ್ಲಿ ಒಂದು ಚೀಲಕ್ಕೆ ದಿನಕ್ಕೆ ಒಂದೆರಡು ಲೀಟರ್ ಬೇಕು. ಹದಿನೈದು ಚೀಲದ ಒಳಗೇ ಇರಿ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಒಂದು ಬಕೆಟ್, ಆರ್‌ಒ ಮಿಷಿನ್ ಹೊರಗೆ ಬಿಡೋ ನೀರು ಒಂದು ಬಕೆಟ್, ಅಷ್ಟರಲ್ಲಿ ಮುಗಿಯುತ್ತೆ. ಬೋರ್ ನೀರು ಗಡಸಾಗಿದ್ರೆ ಆರ್‌ಒ ಬಿಟ್ಟ ನೀರಲ್ಲಿ ಉಪ್ಪು ಇನ್ನೂ ಜಾಸ್ತಿ ಇರುತ್ತೆ. ಬರೀ ಅದನ್ನೇ ಹಾಕಬೇಡಿ, ತೊಳೆದ ನೀರಿನ ಜೊತೆ ಅರ್ಧರ್ಧ ಬೆರೆಸಿ.

ಮಣ್ಣು ಒಣಗದ ಹಾಗೆ ಮೇಲೆ ಹಾಸೋ ಮುಚ್ಚಿಗೆ ಬಿಟ್ಟಿ ಸಿಗುತ್ತೆ. ಈಗ ರಸ್ತೆ ತುಂಬ ಹೊಂಗೆ ಎಲೆ ಉದುರಿ, ಪೌರಕಾರ್ಮಿಕರು ಗುಡಿಸಿ ಮೂಟೆ ಕಟ್ಟಿಟ್ಟಿರ್ತಾರೆ. ಕೇಳಿದ್ರೆ ಖುಷಿಯಿಂದ ಕೊಡ್ತಾರೆ. ಚೀಲದ ಮೇಲೆ ಮೂರು ಬೆರಳು ದಪ್ಪ ಹರಡಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲೇ 39.2 ಡಿಗ್ರಿ ಮುಟ್ಟಿತ್ತು, ಅಂಥ ದಿನಗಳಲ್ಲಿ ಕಾದ ಕಾಂಕ್ರೀಟಿನ ಮೇಲೆ ಬರಿಮಣ್ಣು ಬಿಟ್ರೆ ಉಳಿಯಲ್ಲ. ಸೊಪ್ಪಿನ ಮೇಲೆ ಅರ್ಧ ನೆರಳು ಕೊಡೋ ಹಸಿರು ಬಲೆ ಕಟ್ಟಿ, ಪಾರಿವಾಳಗಳೂ ದೂರ ಇರುತ್ತವೆ.

ನ್ಯೂಜೆರ್ಸಿ ಅವರೆ

ನಮ್ಮಲ್ಲಿ ಹೊರಗೆ ಇನ್ನೂ ಹಿಮದ ರಾಶಿ, ನಿಮ್ಮ ಮಾತು ಓದಿ ಹೊಟ್ಟೆಕಿಚ್ಚು! ಇಲ್ಲಿ ಮಾರ್ಚಲ್ಲಿ ಬದನೆ, ಮೆಣಸಿನಕಾಯಿ ಬೀಜ ಕಿಟಕಿ ಪಕ್ಕ ಲೈಟ್ ಹಾಕಿ ಮೊಳಕೆ ಬರಿಸಿಕೊಂಡು, ಮೇ ಎರಡನೇ ವಾರ ಇಬ್ಬನಿ ಹೆಪ್ಪುಗಟ್ಟೋ ಭಯ ಹೋದಮೇಲೆ ಹಿತ್ತಲಿಗೆ ಇಳಿಸ್ತೀವಿ.

ಹೇಳೋಕೆ ಬಂದದ್ದು ಬೇರೆ. ನಮ್ಮ ಅಪ್ಪ ಅಮ್ಮನೂ ಏಪ್ರಿಲ್‌ನಲ್ಲಿ ಬಂದು ಆರು ತಿಂಗಳು ಇರ್ತಾರೆ. ಕಾರಿಲ್ಲದೆ ಎಲ್ಲೂ ಹೋಗೋಕಾಗದ ಊರು. ಹಿತ್ತಲಲ್ಲಿ ಅಪ್ಪನಿಗೆ ಒಂದು ಪಾತಿ ಅಂತ ಬಿಟ್ಟುಕೊಟ್ಟ ಮೇಲೇ "ಟಿಕೆಟ್ ಬೇಗ ಮಾಡ್ಸು" ಅನ್ನೋದು ನಿಂತದ್ದು. ಈಗ ಮಾರ್ಚಲ್ಲೇ ಮೈಸೂರಿಂದ ಫೋನು, "ಮೆಣಸಿನ ಸಸಿ ಎಷ್ಟೆಲೆ ಆಯ್ತು?" ಅಂತ.

ಅವರೆ ಹಾಕೋರಿಗೆ ಒಂದು ಮಾತು. ಊರಿನ ಹಳೇ ಅವರೆ ಹಗಲು ಚಿಕ್ಕದಾಗದೆ ಹೂ ಬಿಡಲ್ಲ. ಇಲ್ಲಿ ಅದು ಸೆಪ್ಟೆಂಬರ್ ಕೊನೆಗೆ ಹೂವಾಗಿ, ಕಾಯಿ ಕಟ್ಟೋ ಹೊತ್ತಿಗೆ ಚಳಿಗೆ ಸತ್ತುಹೋಗುತ್ತೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ, ಗಿಡ್ಡ ಗಿಡ, ಯಾವ ಕಾಲಕ್ಕೂ ಬರುತ್ತೆ. ನಿಮ್ಮ ಚೀಲಕ್ಕೂ ಅದೇ ಸರಿ. ಇಲ್ಲಿಗೆ ಬರೋರು ಮಾತ್ರ ಸೂಟ್‌ಕೇಸಲ್ಲಿ ಬೀಜ ಬಚ್ಚಿಟ್ಟು ತರಬೇಡಿ, ಸರಿಯಾದ ಕಾಗದಪತ್ರ ಇಲ್ಲದಿದ್ರೆ ವಿಮಾನ ನಿಲ್ದಾಣದಲ್ಲೇ ಕಿತ್ಕೋತಾರೆ.

ವಿಜ್ಞಾನದ ಮೇಡಂ (ಹಾಸನ)

ಮಗಳಿಗೆ ಒಂದು ಖಾಯಂ ಕೆಲಸ ಕೊಡಿ. ಹೀರೆಬಳ್ಳಿ ಮೊದಮೊದಲು ಬರೀ ಗಂಡು ಹೂವೇ ಬಿಡುತ್ತೆ, ಗೊಂಚಲು ಗೊಂಚಲಾಗಿ. "ಕಾಯಿ ಬಿಡ್ತಿಲ್ಲ" ಅಂತ ಜನ ಬಳ್ಳಿ ಕೀಳೋದು ಆಗಲೇ. ತಾಳಿ. ಆಮೇಲೆ ಒಂಟಿಯಾಗಿ ಹೆಣ್ಣು ಹೂವು ಬರುತ್ತೆ, ಹೂವಿನ ಕೆಳಗೆ ಕಿರುಬೆರಳಿನಷ್ಟು ಹೀರೆಕಾಯಿ ಆಗಲೇ ಇರುತ್ತೆ, ಏಣುಗಳ ಸಮೇತ. ಮೂರನೇ ಮಹಡಿ ಎತ್ತರಕ್ಕೆ ಹುಳ ಬರೋದು ಕಮ್ಮಿ, ಪರಾಗ ನಾವೇ ಮುಟ್ಟಿಸಬೇಕು. ಸೌತೆ, ಕುಂಬಳದ ಹೂವು ಬೆಳಿಗ್ಗೆ ಅರಳುತ್ತೆ. ಹೀರೆ, ಸೋರೆ ಹೂವು ಅರಳೋದು ಸಂಜೆ. ಮಗಳು ಸ್ಕೂಲಿಂದ ಬಂದು ಹಾಲು ಕುಡಿದು ಮೇಲೆ ಹೋಗೋ ಹೊತ್ತಿಗೆ ಸರಿಹೋಗುತ್ತೆ. ಗಂಡು ಹೂವು ಕಿತ್ತು ದಳ ಬಿಡಿಸಿ, ನಡುವಿನ ಹಳದಿ ಪುಡಿಯನ್ನ ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿದ್ರೆ ಆಯ್ತು. ಮೂರ್ನಾಲ್ಕು ದಿನದಲ್ಲಿ ಕಾಯಿ ದಪ್ಪಗಾದ್ರೆ ಕಟ್ಟಿತು ಅಂತ. ಹಳದಿಯಾಗಿ ಮುದುಡಿದ್ರೆ ಪರಾಗ ಸೇರಿಲ್ಲ. ಮುಟ್ಟಿಸಿದ ಹೂವಿಗೆ ಬಣ್ಣದ ದಾರ ಕಟ್ಟಿಸಿ, ಯಾವುದು ತನ್ನದು ಅಂತ ಅವಳೇ ಲೆಕ್ಕ ಇಡ್ತಾಳೆ.

ಎರಡನೇ ಮಹಡಿ

ಎಕರೆ ಲೆಕ್ಕ ಕೆಲಸ ಮಾಡ್ತು! ಮಾವ ಒಂದು ಕ್ಷಣ ಸುಮ್ಮನಿದ್ದು, "ಒಂದು ಗ್ರಾಂ ತೂಗೋಕೆ ಚಿನ್ನದಂಗಡಿ ತಕ್ಕಡಿ ಬೇಕು" ಅಂದು ಯೂರಿಯಾ ಕೈಬಿಟ್ಟರು. ಹಸುವೂ ಪತ್ತೆಯಾಗಿದೆ, ಎರಡು ಬೀದಿ ಆಚೆ. ಹಸು ಸಾಕಿದವರು ಚನ್ನರಾಯಪಟ್ಟಣದವರಂತೆ, ಈಗ ದಿನಾ ಬೆಳಿಗ್ಗೆ ಅಲ್ಲೇ ಅರ್ಧ ಗಂಟೆ ಮಾತು. ಸಿವಿಲ್ ಸರ್ ಬರೆದದ್ದನ್ನ ಮನೆಯವರಿಗೆ ಓದಿಸಿದೆ, ಶನಿವಾರ ತಾವೇ ಇಟ್ಟಿಗೆ ಹೊತ್ತು ಜೋಡಿಸಿದರು. ಅತ್ತೆ ಮೆಟ್ಟಿಲು ಹತ್ತೋ ಹಾಗಿಲ್ಲ. ಹರಿವೆ ಬೀಜಕ್ಕೆ ಮರಳು ಬೆರೆಸಿ ಕೊಡೋದು, ಸೊಪ್ಪು ಬಿಡಿಸೋದು ತನ್ನ ಖಾತೆ ಅಂತ ಘೋಷಿಸಿದ್ದಾರೆ.

ಇನ್ನೊಂದೇ ಪ್ರಶ್ನೆ. ಯುಗಾದಿಗೆ ಎಲ್ಲರೂ ಊರಿಗೆ ಹೋಗಬೇಕು, ನಾಲ್ಕೈದು ದಿನ. ನೀರು?

ಧಾರವಾಡದಾಕಿ

ಎರಡು ಲೀಟರ್ ಬಾಟಲಿ ಮುಚ್ಚಳಕ್ಕ ಸೂಜಿ ಕಾಸಿ ಸಣ್ಣ ತೂತು ಮಾಡಿ, ತುಂಬಿ ಬೋರಲಾಗಿ ಮಣ್ಣಾಗ ಊರ್ರಿ. ತಳಕ್ಕ ಒಂದು ತೂತು ಇರ್ಲಿ, ಗಾಳಿ ಹೋಗಾಕ. ಎರಡು ದಿನ ತಡೀತದ. ಅದಕ್ಕಿಂತ ಓನರ್ ಆಂಟಿಗೆ ಹೇಳಿ ಹೋಗ್ರಿ, ಬಂದ ಮ್ಯಾಲೆ ಮೊದಲ ಕಂತಿನ ಹರಿವೆ ಅವರಿಗೇ ಕೊಡ್ರಿ. ಮುಂದ ತಾರಸಿ ಮಾತೇ ಎತ್ತಂಗಿಲ್ಲ.

ಮೈಸೂರಜ್ಜಿ

ಏಪ್ರಿಲ್ ಮಧ್ಯಕ್ಕೆ ಅಶ್ವಿನಿ ಮಳೆ, ತಿಂಗಳ ಕೊನೆಗೆ ಭರಣಿ. ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ ಅಂತಾರೆ. ಅಲ್ಲೀತನಕ ಗಿಡ ದಾಟಿಸಿದ್ರೆ ಆಯ್ತು. ಆ ಮಳೆ ಗಾಳಿ ಗುಡುಗು ಆಲಿಕಲ್ಲು ಎಲ್ಲ ಹೊತ್ತು ತರುತ್ತೆ, ಹೀರೆ ಚಪ್ಪರ ಈಗಲೇ ಬಿಗಿಯಾಗಿ ಕಟ್ಟಿಸು.

ಕುಡ್ಲದ ಬಸಳೆ

ಬಸಳೆ ದಂಟು ಬೇಕಾದ್ರೆ ಹೇಳಿ. ಯುಗಾದಿ ಮುಗಿಸಿ ಬಂದ ಮೇಲೆ ಕೊಡ್ತೇನೆ, ಈಗ ಊರಿ ನೀವು ಹೊರಟುಹೋದ್ರೆ ಬಾಡ್ತದೆ. ಒದ್ದೆ ಪೇಪರಲ್ಲಿ ಸುತ್ತಿ ಕೊಟ್ರೆ ಎರಡು ದಿನ ಇರ್ತದೆ.

ಎರಡನೇ ಮಹಡಿ

ಬೇಕು, ಖಂಡಿತ ಬೇಕು. ವಿಳಾಸ ಖಾಸಗಿಯಾಗಿ ಕಳಿಸಿ. ತಗೊಳ್ಳೋಕೆ ನಾನಲ್ಲ, ಮಾವನೇ ಬರ್ತಾರೆ, ನಿಮ್ಮ ಚಪ್ಪರ ನೋಡಬೇಕಂತೆ.

ಕುಡ್ಲದ ಬಸಳೆ

ಬರ್ಲಿ. ಬೆಳಿಗ್ಗೆ ಬಂದ್ರೆ ನೀರ್‌ದೋಸೆ ಉಂಟು. ಚಪ್ಪರ ಅಂತ ದೊಡ್ಡದಾಗಿ ಹೇಳ್ಬೇಡಿ ಮಾತ್ರ, ಅದು ಬಟ್ಟೆ ಒಣಗಿಸುವ ಕಂಬಿ.